ಮೂರನೆಯ ತರಗತಿ ಮುಗಿದರೂ ಓದು ಏಕೆ ಹತ್ತುವುದಿಲ್ಲ? ಯಾದಗಿರಿಯ ಒಂದು ಅಧ್ಯಯನ ತೋರಿಸಿದ್ದು

ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ರಾಜ್ಯದ ಮೂವತ್ತನೆಯ ಜಿಲ್ಲೆಯಾದದ್ದು 2009ರ ಕೊನೆಗೆ. ಅದರ ಹಿಂದೆಯೇ 2011ರ ಜನಗಣತಿ ಬಂತು. ರಾಜ್ಯದ ಸಾಕ್ಷರತೆ ಶೇ 75.4 ಇದ್ದರೆ ಯಾದಗಿರಿಯದು ಶೇ 51.8, ಜಿಲ್ಲೆಗಳ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಇಂಥ ಅಂಕಿ ಹೊರಬಿದ್ದಾಗಲೆಲ್ಲ ಕೇಳಿಬರುವ ಕಾರಣಗಳು ನಮಗೆ ಬಾಯಿಪಾಠ: ಮಳೆ ನಂಬಿದ ಬೇಸಾಯ, ಬಡತನ, ಸುಗ್ಗಿ ಮುಗಿಯುತ್ತಲೇ ದೊಡ್ಡ ಊರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳು, ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳು. ಎಲ್ಲವೂ ನಿಜ. ಆದರೆ ಊರಲ್ಲೇ ಇದ್ದು, ದಿನಾ ಶಾಲೆಗೆ ಬಂದು, ಮೂರು ವರ್ಷ ಅದೇ ಕೋಣೆಯಲ್ಲಿ ಕೂತ ಮಗುವಿಗೂ ಓದು ಏಕೆ ಹತ್ತುವುದಿಲ್ಲ ಎಂದು ಕೇಳಿದರೆ ಈ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಆ ಪ್ರಶ್ನೆಯನ್ನು ತರಗತಿಯ ಒಳಗೇ ಕೂತು ಕೇಳಿದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಒಂದು ಸಂಶೋಧನಾ ತಂಡ. ಶೈಲಜಾ ಮೆನನ್ ಅವರ ನೇತೃತ್ವದಲ್ಲಿ, ಟಾಟಾ ಟ್ರಸ್ಟ್‌ನ ನೆರವಿನಿಂದ, 2011ರಿಂದ 2016ರವರೆಗೆ ನಡೆದ ಈ ಯೋಜನೆಯ ಹೆಸರು ‘ಲಿಟರಸಿ ರಿಸರ್ಚ್ ಇನ್ ಇಂಡಿಯನ್ ಲ್ಯಾಂಗ್ವೇಜಸ್’. ಬಲ್ಲವರು ‘ಲಿರಿಲ್’ ಎಂದೇ ಕರೆಯುತ್ತಾರೆ. ಕನ್ನಡಕ್ಕೆ ಯಾದಗಿರಿಯನ್ನೂ ಮರಾಠಿಗೆ ಮಹಾರಾಷ್ಟ್ರದ ವಾಡಾ ತಾಲ್ಲೂಕನ್ನೂ ಆರಿಸಿಕೊಂಡರು. ವಾಡಾ ಆಗ ಠಾಣೆ ಜಿಲ್ಲೆಯಲ್ಲಿತ್ತು, 2014ರಿಂದ ಪಾಲಘರ್ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಸೇರಿ ಸುಮಾರು 700 ಮಕ್ಕಳನ್ನು ಒಂದನೆಯ ತರಗತಿಯಿಂದ ಮೂರನೆಯದು ಮುಗಿಯುವವರೆಗೆ ಹಿಂಬಾಲಿಸಿದರು. ವರದಿ 2017ರಲ್ಲಿ ಹೊರಬಂತು.

ಒಂದು ಸಲ ಪರೀಕ್ಷೆ ನಡೆಸಿ ‘ಇಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ಹೇಳುವ ಸಮೀಕ್ಷೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ರೋಗ ಇದೆ ಎನ್ನುತ್ತವೆ, ಎಲ್ಲಿ ಶುರುವಾಯಿತು ಎಂದು ಹೇಳುವುದಿಲ್ಲ. ಅದೇ ಮಕ್ಕಳನ್ನು ಮೂರು ವರ್ಷ ನೋಡಿದರೆ, ಯಾವ ಹಂತದಲ್ಲಿ ಯಾವ ಮಗು ಹಿಂದೆ ಬಿತ್ತು, ಆಗ ತರಗತಿಯಲ್ಲಿ ಏನು ನಡೆಯುತ್ತಿತ್ತು ಎಂಬುದು ಕಾಣುತ್ತದೆ. ಲಿರಿಲ್ ತಂಡ ಮಕ್ಕಳನ್ನು ಪರೀಕ್ಷಿಸಿದ್ದಲ್ಲದೆ ಪಠ್ಯಕ್ರಮವನ್ನು ಬಿಡಿಸಿ ನೋಡಿತು, ಪಾಠ ನಡೆಯುವಾಗ ಕೂತು ಗಮನಿಸಿತು, ಶಿಕ್ಷಕರೊಂದಿಗೆ ಮಾತಾಡಿತು. ನನ್ನ ಮಟ್ಟಿಗೆ ಇದರ ಬೆಲೆ ಇರುವುದು ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದ್ದರಲ್ಲಿ.

ಕನ್ನಡ ಕಲಿಯುವುದು ಎಂದರೆ ಎಷ್ಟು ಕಲಿಯುವುದು

ತಂಡ ಕಂಡದ್ದನ್ನು ಹೇಳುವ ಮೊದಲು ಮಗುವಿನ ಮುಂದಿರುವ ಕೆಲಸ ಎಷ್ಟು ದೊಡ್ಡದು ಎಂದು ನೋಡಬೇಕು. ಇದನ್ನು ನಾವು ದೊಡ್ಡವರು ಪೂರಾ ಮರೆತಿದ್ದೇವೆ.

ವರ್ಣಮಾಲೆಯಲ್ಲಿ 49 ಅಕ್ಷರ. ಅದು ಬಾಗಿಲು ಮಾತ್ರ. 34 ವ್ಯಂಜನಗಳಿಗೆ ಗುಣಿತ ಹಾಕಿದರೆ ಐನೂರರಷ್ಟು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ಗುಣಿತದ ಚಿಹ್ನೆಗಳು ಒಂದೇ ಕಡೆ ಕೂರುವುದೂ ಇಲ್ಲ. ‘ಕಿ’ಯಲ್ಲಿ ಗುಡಿಸು ಅಕ್ಷರದ ತಲೆಗೇ ಬೆಸೆದುಕೊಂಡಿದೆ, ‘ಕು’ವಿನಲ್ಲಿ ಕೊಂಬು ಬಲಕ್ಕೆ ಹೊರಳುತ್ತದೆ, ‘ಕೈ’ಯಲ್ಲಿ ಕೆಳಗೂ ಒಂದು ತುಂಡು ಬರುತ್ತದೆ, ‘ಕೋ’ದಲ್ಲಿ ತಲೆಯ ಮೇಲೊಂದು, ಪಕ್ಕದಲ್ಲಿ ಎರಡು. ‘ಸೂರ್ಯ’ದ ಅರ್ಕಾವತ್ತನ್ನು ಬರೆಯುವುದು ‘ಯ’ದ ಆಚೆಗೆ, ಉಚ್ಚರಿಸುವುದು ‘ಯ’ಕ್ಕಿಂತ ಮೊದಲು. ಆರು ವರ್ಷದ ಕಣ್ಣಿಗೆ ಇದು ಸಣ್ಣ ಕೆಲಸವಲ್ಲ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದು, ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದ ಸೊನಾಲಿ ನಾಗ್ ಅವರು ಕನ್ನಡದ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತ್ತು: ಅಕ್ಷರ ಜ್ಞಾನ ಕೂಡಿಬರುವ ಕೆಲಸ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ಎಳೆಯುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಅಳತೆಗೋಲನ್ನು ಕನ್ನಡಕ್ಕೆ ಹಿಡಿದರೆ ನಮ್ಮ ಮಕ್ಕಳೆಲ್ಲ ದಡ್ಡರಂತೆ ಕಾಣುತ್ತಾರೆ. ಲಿಪಿ ದೊಡ್ಡದು, ಕಾಲ ಹಿಡಿಯುತ್ತದೆ. ಈ ಒಂದು ಸಂಗತಿ ಪ್ರತಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಪ್ರತಿ ತಂದೆತಾಯಿಗೂ ಗೊತ್ತಿರಬೇಕಿತ್ತು.

ಇಷ್ಟು ಗೊತ್ತಾದ ಮೇಲೆ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ. ಅಕ್ಷರ ಕಲಿಕೆಗೆ ಮೂರು ನಾಲ್ಕು ವರ್ಷ ಬೇಕೇ ಬೇಕು ಎಂದಾದರೆ, ಆ ಮೂರು ನಾಲ್ಕು ವರ್ಷ ಮಗು ಬೇರೇನು ಮಾಡುತ್ತಿರಬೇಕು?

ತರಗತಿಯಲ್ಲಿ ಕಂಡದ್ದು

ಯಾದಗಿರಿಯ ಸರ್ಕಾರಿ ಶಾಲೆಗಳಲ್ಲಿ ಆಗ ನಡೆಯುತ್ತಿದ್ದದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿಕೊಂಡು ಬಂದ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗೋಡೆಗೆ ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ‘ಕಲಿಕಾ ಏಣಿ’, ಯಾವ ಚಟುವಟಿಕೆ ಎಂದು ಸೂಚಿಸುವ ಚಿತ್ರಗುರುತು (ಲೋಗೋ) ಇರುವ ಕಾರ್ಡುಗಳು, ಮಕ್ಕಳು ಗುಂಪಾಗಿ ಕೂರುವ ಐದು ‘ತಟ್ಟೆ’ಗಳು, ಮೇಲೆ ದಾರದ ಚಪ್ಪರಕ್ಕೆ ತೂಗುಹಾಕಿದ ಮಕ್ಕಳ ಚಿತ್ರಗಳು. ಬೆತ್ತ ಹಿಡಿದು ಕಪ್ಪುಹಲಗೆಯ ಮುಂದೆ ನಿಲ್ಲುತ್ತಿದ್ದ ತರಗತಿಯನ್ನು ನೆಲಕ್ಕಿಳಿಸಿ ಕೂರಿಸಿದ ಪದ್ಧತಿ ಇದು. ಅದನ್ನು ಕಟ್ಟಿದ ಶಿಕ್ಷಕರ ಮೇಲೆ ನನಗೆ ಅಪಾರ ಗೌರವವಿದೆ.

ವಾಡಾದಲ್ಲಿ ಇಂಥದ್ದೇನೂ ಇರಲಿಲ್ಲ. ಅಲ್ಲಿ ಎಂದಿನ ಪಠ್ಯಪುಸ್ತಕ, ಎಂದಿನ ಪಾಠ. ಹಾಗಿದ್ದರೂ ಎರಡೂ ಕಡೆ ಮೂರನೆಯ ತರಗತಿಯ ಕೊನೆಗೆ ಬಹಳಷ್ಟು ಮಕ್ಕಳು ತಮ್ಮ ಮಟ್ಟದ ಸಣ್ಣ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳಲಾರದೆ ಉಳಿದರು. ಪಾಠದ ಹೊರರೂಪ ಅಷ್ಟು ಬೇರೆಯಿದ್ದರೂ ಫಲ ಒಂದೇ ಬಗೆಯದಾದದ್ದು ಹೇಗೆ? ಒಳಗಿನ ನಂಬಿಕೆ ಎರಡೂ ಕಡೆ ಒಂದೇ ಆಗಿತ್ತು: ಮೊದಲು ಅಕ್ಷರ, ಆಮೇಲೆ ಗುಣಿತ, ಆಮೇಲೆ ಪದ, ಆಮೇಲೆ ವಾಕ್ಯ, ಎಲ್ಲ ಬಂದ ಮೇಲೆ ಕಥೆ, ಕೊನೆಗೆ ಅರ್ಥ.

ಈ ಸರಣಿ ಮಗುವಿನ ಮೇಲೆ ಏನು ಮಾಡುತ್ತದೆ ಎಂದು ಹತ್ತಿರದಿಂದ ನೋಡೋಣ. ನಲಿ-ಕಲಿಯ ಮೊದಲ ಗುಂಪಿನ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ, ಬೇಗ ಪದ ಕಟ್ಟಬಹುದು. ‘ಅ ಆ ಇ ಈ’ಯಿಂದ ಶುರುಮಾಡುವುದಕ್ಕಿಂತ ಇದು ಎಷ್ಟೋ ಜಾಣತನದ ಆಯ್ಕೆ. ಆದರೆ ಈ ಐದರಲ್ಲಿ ಕಟ್ಟಬಹುದಾದ ಪದಗಳು ಯಾವುವು? ಸರ, ರಸ, ದರ, ಅರಸ, ಅಗಸ, ಗರಗಸ. ಶಹಾಪುರದ ಕಡೆಯ ಒಂದು ಹಳ್ಳಿಯ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆಡುವ ಮಾತಿನಲ್ಲಿ ಇವುಗಳಲ್ಲಿ ಎಷ್ಟು ಬರುತ್ತವೆ?

ಅವಳ ಮಾತಿನಲ್ಲಿ ಬರುವುದು ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ರೊಟ್ಟಿ, ಬೆಲ್ಲ, ಎಮ್ಮೆ, ಹತ್ತಿ, ಬುಟ್ಟಿ, ಹಗ್ಗ. ಇಷ್ಟರಲ್ಲೂ ಒತ್ತಕ್ಷರ ಇದೆ. ಅವಳ ಹೆಸರು ಮಲ್ಲಮ್ಮ ಎಂದಿಟ್ಟುಕೊಳ್ಳಿ, ತಮ್ಮನದು ಯಲ್ಲಪ್ಪ, ಪಕ್ಕದಲ್ಲಿ ಕೂರುವ ಗೆಳತಿ ಲಕ್ಷ್ಮಿ. ಈ ಮೂರು ಹೆಸರಿನಲ್ಲಿ ಒಂದನ್ನೂ ಅವಳು ಪಾಠದ ಸರಣಿಯಲ್ಲಿ ಓದುವ ಹಾಗಿಲ್ಲ, ಏಕೆಂದರೆ ಒತ್ತಕ್ಷರ ಬರುವುದು ಕೊನೆಗೆ. ಹಾಜರಿಯಲ್ಲಿ ದಿನಾ ಕೂಗುವ ತನ್ನ ಹೆಸರು ಓದುವುದಕ್ಕೆ ಅವಳು ಹಲವು ಮೆಟ್ಟಿಲು ಹತ್ತಿ ಮುಗಿಸಿರಬೇಕು. ಕನ್ನಡದ ಮಗುವಿನ ಅತ್ಯಂತ ಆಪ್ತ ಪದಗಳೆಲ್ಲ ಒತ್ತಿನಿಂದ ತುಂಬಿವೆ, ಒತ್ತನ್ನೇ ನಾವು ಎಲ್ಲಕ್ಕಿಂತ ಹಿಂದೆ ಇಟ್ಟಿದ್ದೇವೆ.

ಇನ್ನು ಓದುವ ರೀತಿ. ಗುಣಿತ ಕಲಿತ ಮಗುವಿನ ಮುಂದೆ ‘ಮೊಸರು’ ಎಂಬ ಪದ ಇಡಿ. “ಮ ಓತ್ವ ಮೊ, ಸ, ರ ಕೊಂಬು ರು” ಎನ್ನುತ್ತದೆ. ಒಂದೂ ತಪ್ಪಿಲ್ಲ. ಏನು ಓದಿದೆ ಎಂದು ಕೇಳಿದರೆ ಮತ್ತೆ “ಮ ಓತ್ವ ಮೊ” ಎಂದೇ ಶುರುಮಾಡುತ್ತದೆ. ಅಷ್ಟು ಹೊತ್ತಿಗೆ ಮೊದಲ ಅಕ್ಷರ ನೆನಪಿನಿಂದ ಜಾರಿರುತ್ತದೆ, ಮಧ್ಯಾಹ್ನ ಉಂಡ ಮೊಸರಿಗೂ ಈ ಮೂರು ಸದ್ದಿಗೂ ನಂಟು ಬೆಳೆಯುವುದಿಲ್ಲ. ಪ್ರಾಥಮಿಕ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ದೃಶ್ಯ ಹೊಸದಲ್ಲ. ಬಿಡಿ ಅಕ್ಷರ ಗುರುತಿಸುವ ಮಗು ಪದದಲ್ಲಿ ಎಡವುತ್ತದೆ, ಪದ ಓದುವ ಮಗು ವಾಕ್ಯದಲ್ಲಿ, ವಾಕ್ಯ ಓದಿದ ಮಗುವಿಗೆ ಕಥೆಯಲ್ಲಿ ಏನಾಯಿತು ಎಂದು ಹೇಳಲು ಬರುವುದಿಲ್ಲ. ಲಿರಿಲ್ ವರದಿ ಹೇಳುವ ಮುಖ್ಯ ಮಾತೂ ಇದೇ ಜಾಡಿನದು. ಅರ್ಥ ಮಾಡಿಕೊಳ್ಳುವುದನ್ನು ತರಗತಿಯಲ್ಲಿ ಕಲಿಸುತ್ತಲೇ ಇರಲಿಲ್ಲ. ಅಕ್ಷರ ಬಂದರೆ ಅರ್ಥ ತಾನಾಗಿ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಅರ್ಥದ ಬಗ್ಗೆ ಪ್ರಶ್ನೆ ಬಂದರೂ ಅದು ಪಾಠದ ಸಾಲನ್ನು ಎತ್ತಿ ಒಪ್ಪಿಸಿದರೆ ಸಾಕಾಗುವಂಥ ಪ್ರಶ್ನೆ.

ಬರವಣಿಗೆಯ ಕಥೆ ಇನ್ನೂ ಬೇಸರದ್ದು. ತರಗತಿಯಲ್ಲಿ ಬರೆಯುವುದು ಎಂದರೆ ನಕಲು. ಹಲಗೆಯಿಂದ ಸ್ಲೇಟಿಗೆ, ಕಾರ್ಡಿನಿಂದ ನೋಟ್‌ಬುಕ್ಕಿಗೆ. ಮಗು ತನ್ನ ಮನಸ್ಸಿನಲ್ಲಿರುವುದನ್ನು ಕಾಗದಕ್ಕೆ ಇಳಿಸುವ ಅವಕಾಶ ಮೂರು ವರ್ಷದಲ್ಲಿ ಅಪರೂಪ. ತಪ್ಪು ಬರೆದೀತು ಎಂಬ ಹೆದರಿಕೆ ಇದಕ್ಕೆ ಕಾರಣ. ಆದರೆ ‘ಅವ’ ಎಂದು ಬರೆದು “ಅವ್ವ” ಎಂದು ಓದಿ ತೋರಿಸುವ ಮಗು ಒತ್ತಕ್ಷರದ ಹೊಸಿಲಲ್ಲಿ ನಿಂತಿದೆ. ಆ ಬರಹವನ್ನು ನೋಡಿದ ಶಿಕ್ಷಕಿಗೆ ನಾಳೆ ಏನು ಕಲಿಸಬೇಕೆಂಬುದು ತಿಳಿಯುತ್ತದೆ. ನಕಲು ಮಾಡಿದ ಇಡೀ ಪುಟ ಆಕೆಗೆ ಏನನ್ನೂ ಹೇಳುವುದಿಲ್ಲ.

ಮನೆಯ ಮಾತು

ಯಾದಗಿರಿಯ ಕನ್ನಡ ಪುಸ್ತಕದ ಕನ್ನಡವಲ್ಲ. ಪುಸ್ತಕದಲ್ಲಿ ‘ಹುಡುಗ ಬರುತ್ತಿದ್ದಾನೆ’ ಎಂದಿದ್ದರೆ ಅಂಗಳದಲ್ಲಿ “ಹುಡುಗ ಬರ್ಲಿಕತ್ತಾನ”. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ತಾಯಿಯನ್ನು ಕರೆಯುವುದು “ಯಾಡಿ” ಎಂದು. ಮುಸ್ಲಿಂ ಓಣಿಯಲ್ಲಿ ದಖ್ಖನಿ, ಪೂರ್ವದ ಗಡಿಯತ್ತ ತೆಲುಗು. ಈ ಮಕ್ಕಳು ಓದು ಕಲಿಯುವುದರ ಜೊತೆಗೆ ಓದಿನ ಭಾಷೆಯನ್ನೂ ಕಲಿಯಬೇಕು. ಪಠ್ಯಕ್ರಮ ಮಾತ್ರ ಎಲ್ಲ ಮಕ್ಕಳೂ ಅದೇ ಕನ್ನಡ ಹೊತ್ತು ತಂದಿದ್ದಾರೆ ಎಂದು ಎಣಿಸಿಕೊಂಡು ಅಕ್ಷರಕ್ಕೆ ಕೈಹಾಕುತ್ತದೆ.

ಶಿಕ್ಷಕರ ವಿಷಯಕ್ಕೆ ಬರುವಾಗ ನಾನು ಮಾತು ತೂಗಿ ಆಡಬಯಸುತ್ತೇನೆ. ಮಕ್ಕಳ ಹಿನ್ನಡೆಗೆ ಮನೆಯೇ ಕಾರಣ, ಓದು ಬರೆಹ ಇಲ್ಲದ ತಂದೆತಾಯಿಯೇ ಕಾರಣ ಎಂಬ ನಂಬಿಕೆ ಶಿಕ್ಷಕರಲ್ಲಿ ಗಟ್ಟಿಯಾಗಿತ್ತು ಎಂದು ಅಧ್ಯಯನ ಗುರುತಿಸಿತು. ಇದನ್ನು ಹಿಡಿದು ಶಿಕ್ಷಕರ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಮೂರು ತರಗತಿಯ ಮಕ್ಕಳು, ಐದು ತಟ್ಟೆ, ಪ್ರತಿ ಮಗುವಿಗೂ ಬೇರೆ ಮೆಟ್ಟಿಲು, ಪ್ರಗತಿ ನೋಟ ತುಂಬುವುದು, ನಡುವೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಸಭೆ. ಇಷ್ಟರ ನಡುವೆ ನಿಂತವರಿಗೆ ನಮ್ಮ ಶಿಕ್ಷಕ ತರಬೇತಿ ಕನ್ನಡದ ಲಿಪಿಯನ್ನು ಮಗು ಹೇಗೆ ಕಲಿಯುತ್ತದೆ ಎಂಬುದನ್ನು ಎಂದೂ ಹೇಳಿಕೊಟ್ಟಿರಲಿಲ್ಲ. ಕಾರಣ ತಿಳಿಯದಿದ್ದಾಗ ಮನುಷ್ಯ ಹತ್ತಿರ ಸಿಕ್ಕ ಕಾರಣ ಹಿಡಿಯುತ್ತಾನೆ. ಆ ನಂಬಿಕೆಯ ಪೆಟ್ಟು ಮಾತ್ರ ಮಗುವಿಗೆ ಬೀಳುತ್ತದೆ. ‘ಇವಳಿಂದ ಇಷ್ಟೇ’ ಎಂದು ಒಮ್ಮೆ ಮನಸ್ಸಿನಲ್ಲಿ ಬರೆದುಕೊಂಡ ಮೇಲೆ ಆಕೆಗೆ ಕಥೆ ಓದಿ ಹೇಳುವ ಕೈ ಹಿಂದೆ ಸರಿಯುತ್ತದೆ. ಮೊದಲ ವರ್ಷವೇ ಹಿಂದೆ ಬಿದ್ದ ಮಗು ಆಮೇಲೆ ಮೇಲೇಳುವುದು ಬಲು ಕಷ್ಟ.

ಹಾಗಾದರೆ ಏನು ಮಾಡಬೇಕು

ಅಕ್ಷರ ಕಲಿಸುವುದನ್ನು ಬಿಡಿ ಎಂದು ಅಧ್ಯಯನ ಹೇಳಲಿಲ್ಲ. ಕನ್ನಡದಂಥ ಲಿಪಿಯಲ್ಲಿ ಅಕ್ಷರವನ್ನು ಕ್ರಮವಾಗಿ, ಬಿಡಿಸಿ, ಸಾಕಷ್ಟು ಅಭ್ಯಾಸದೊಂದಿಗೆ ಕಲಿಸಲೇಬೇಕು. ಮಗು ತಾನಾಗಿ ಕಂಡುಕೊಳ್ಳುತ್ತದೆ ಎಂದು ಬಿಟ್ಟರೆ ಯಾದಗಿರಿಯ ಮಗುವಿಗೇ ಮೊದಲು ನಷ್ಟ. ಆದರೆ ಅದು ನಡೆಯುವಾಗಲೇ, ಮೊದಲ ದಿನದಿಂದಲೇ, ಉಳಿದದ್ದೂ ನಡೆಯಬೇಕು. ಶಿಕ್ಷಕಿ ದಿನಾ ಒಂದು ಒಳ್ಳೆಯ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅದರ ಬಗ್ಗೆ ಮಕ್ಕಳು ತಮ್ಮ ಮನೆಯ ಮಾತಿನಲ್ಲೇ ಮಾತಾಡಬೇಕು. ಮಕ್ಕಳು ಹೇಳಿದ ವಾಕ್ಯವನ್ನು ಶಿಕ್ಷಕಿ ಅವರ ಕಣ್ಣೆದುರೇ ಹಲಗೆಯ ಮೇಲೆ ಬರೆದು ಓದಿಸಬೇಕು. ಮಗು ತನ್ನ ಪುಟದಲ್ಲಿ ಚಿತ್ರ ಬಿಡಿಸಿ, ಗೊತ್ತಿರುವ ಅಕ್ಷರದಲ್ಲೇ ಏನಾದರೂ ಬರೆಯಬೇಕು. ಅಕ್ಷರ ಮೂರು ವರ್ಷ ತೆಗೆದುಕೊಂಡರೂ ಅರ್ಥ ಒಂದು ದಿನವೂ ಕಾಯಬೇಕಿಲ್ಲ. ಈ ಅಧ್ಯಯನದಿಂದ ನಾನು ಎತ್ತಿಕೊಳ್ಳುವುದು ಈ ಒಂದು ಮಾತನ್ನು.

ಇದರ ಜಾಡು ಮುಂದುವರಿದಿದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಹೈದರಾಬಾದ್ ಕೇಂದ್ರದಲ್ಲಿ ಆರಂಭಿಕ ಭಾಷೆ ಮತ್ತು ಸಾಕ್ಷರತೆಗೆಂದೇ ಒಂದು ಘಟಕ ಶುರುವಾಗಿ ಶಿಕ್ಷಕರ ತರಬೇತುದಾರರಿಗೆ ಕೋರ್ಸು ನಡೆಸಿತು, ತರಗತಿಯಲ್ಲಿ ಬಳಸಬಹುದಾದ ಕಿರುಬರಹಗಳನ್ನು ಹೊರತಂದಿತು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಾತು, ಪದ ಗುರುತಿಸುವುದು, ಓದು, ಬರಹ ಎಂಬ ನಾಲ್ಕನ್ನೂ ದಿನಾ ಒಟ್ಟಿಗೆ ನಡೆಸಬೇಕೆಂದು ಹೇಳುತ್ತದೆ. ಕಾಗದದ ಮೇಲೆ ಮಾತು ಸರಿಯಾದ ದಿಕ್ಕಿಗೆ ತಿರುಗಿದೆ.

ಅಳೆಯುವ ಕಡೆ ಮಾತ್ರ ನನಗೆ ಆತಂಕ. 2021ರ ಜುಲೈನಲ್ಲಿ ಶುರುವಾದ, ಬುನಾದಿ ಓದು ಮತ್ತು ಲೆಕ್ಕ ಕಲಿಸುವ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್, ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥವಾಗುವಂತೆ ಓದಬೇಕೆಂಬ ಗುರಿಯೊಂದಿಗೆ ಹೊರಟಿತು. ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೂ’ ಎಂಬುದು ಒಂದೇ ಪದ. ಅದನ್ನೇ ಹಿಂದಿಯಲ್ಲಿ ಹೇಳಬೇಕಾದರೆ ಐದಾರು ಪದ ಬೇಕಾಗುತ್ತದೆ. ಎಲ್ಲ ಭಾಷೆಗೂ ಒಂದೇ ಸಂಖ್ಯೆ ಹೊಂದುವುದಿಲ್ಲ ಎಂಬುದು ಒಪ್ಪಿಗೆಯಾಗಿ, 2022ರಲ್ಲಿ ಎನ್‌ಸಿಇಆರ್‌ಟಿ ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸುಮಾರು 86,000 ಮಕ್ಕಳನ್ನು ಪರೀಕ್ಷಿಸಿ ಭಾಷೆಗೊಂದು ಮಟ್ಟ ಗೊತ್ತುಮಾಡಿತು. ಒಳ್ಳೆಯ ಹೆಜ್ಜೆ. ಆದರೂ ನಿಮಿಷಕ್ಕೆ ಇಷ್ಟು ಎಂಬ ಲೆಕ್ಕ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟಕ್ಕೆ ಇಳಿಯುವಷ್ಟರಲ್ಲಿ ವೇಗವೇ ಗುರಿಯಾಗಿ, ಮಕ್ಕಳು ಅದೇ ಪುಟವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಅಪಾಯ ಇದ್ದೇ ಇದೆ. ಅರ್ಥವನ್ನು ಕೊನೆಗೆ ತಳ್ಳಿದ ಹಳೆಯ ಅಭ್ಯಾಸ ಈ ಹೊಸ ಅಳತೆಯ ಬೆನ್ನೇರಿ ವಾಪಸು ಬರಬಾರದು.

ಲಿರಿಲ್ ಎತ್ತಿದ ಪ್ರಶ್ನೆಗಳಿಂದ ಹೊರಟು ಕನ್ನಡಕ್ಕೆಂದೇ ಮಾಡಬೇಕಾದ ಒಂದು ಕೆಲಸ ನನ್ನ ಕಣ್ಣಿಗೆ ಬೀಳುತ್ತದೆ. ಅದು ಒತ್ತಕ್ಷರದ ಜಾಗ. ಒತ್ತುಗಳೆಲ್ಲ ಒಂದೇ ಸಮ ಕಷ್ಟವಲ್ಲ. ಕ್ಕ, ಗ್ಗ, ಟ್ಟ, ಪ್ಪ, ವ್ವ ಇವುಗಳಲ್ಲಿ ಒತ್ತು ಮೂಲ ಅಕ್ಷರವನ್ನೇ ತಲಕಟ್ಟು ತೆಗೆದು ಸಣ್ಣದಾಗಿಸಿದ ರೂಪ. ಅಕ್ಕ, ಹಗ್ಗ, ಅಪ್ಪ, ಅವ್ವ ಇಷ್ಟನ್ನು ಮೂಲಾಕ್ಷರ ಕಲಿಯುವಾಗಲೇ ಕಲಿಸಬಹುದು. ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆಯೇ ಆಕಾರ ತಳೆಯುತ್ತದೆ, ಅವು ಎರಡನೆಯ ಹಂತ. ‘ಸ್ತ್ರ’, ‘ಕ್ಷ್ಮ’ದಂಥವು ಅದಕ್ಕೂ ಆಚೆ. ಒಂದನೆಯ ತರಗತಿಯಲ್ಲೇ ಹತ್ತು ಹನ್ನೆರಡು ಸಜಾತೀಯ ಒತ್ತುಗಳನ್ನು, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವಂಥವನ್ನು, ತಂದರೆ ಮಗುವಿನ ಮನೆಯ ಮಾತು ಮೊದಲ ವರ್ಷವೇ ಅದರ ಓದಿಗೆ ಸಿಗುತ್ತದೆ ಎಂಬುದು ನನ್ನ ಎಣಿಕೆ. ಎಣಿಕೆ ಸರಿಯೋ ಅಲ್ಲವೋ ಎಂದು ನೋಡಲು ಹೊಸ ಯೋಜನೆಯ ಅಬ್ಬರ ಬೇಡ. ಒಂದೇ ತಾಲ್ಲೂಕಿನ ಎರಡು ಕ್ಲಸ್ಟರ್ ತೆಗೆದುಕೊಂಡು, ಒಂದರಲ್ಲಿ ಈಗಿನ ಏಣಿ, ಇನ್ನೊಂದರಲ್ಲಿ ಒತ್ತು ಮುಂದಿಟ್ಟ ಏಣಿ ಇಟ್ಟು, ಎರಡು ವರ್ಷ ಅದೇ ಮಕ್ಕಳನ್ನು ಹಿಂಬಾಲಿಸಿದರೆ ಸಾಕು. ಶಿಕ್ಷಣ ಇಲಾಖೆಗೆ ಕಾರ್ಡು ಅಚ್ಚು ಹಾಕಿಸುವ ಶಕ್ತಿ ಇದೆ, ಕಾದು ನೋಡುವ ವ್ಯವಧಾನ ಇಲ್ಲ. ಆ ವ್ಯವಧಾನ ಇರಬೇಕಾದ್ದು ವಿಶ್ವವಿದ್ಯಾಲಯಕ್ಕೆ. ಕನ್ನಡ ನಾಡಿನಲ್ಲಿ ಅಷ್ಟೊಂದು ವಿಶ್ವವಿದ್ಯಾಲಯಗಳಿವೆ, ಕನ್ನಡ ವಿಭಾಗ, ಶಿಕ್ಷಣ ವಿಭಾಗ, ಮನಶ್ಶಾಸ್ತ್ರ ವಿಭಾಗ ಮೂರೂ ಒಂದೇ ಆವರಣದಲ್ಲಿವೆ. ಈ ಮೂವರೂ ಸೇರಿ ಒಂದನೆಯ ತರಗತಿಯ ಕೋಣೆಗೆ ಹೋಗಿ ಕೂರುವುದನ್ನು ನಾನು ಕಾಯುತ್ತಿದ್ದೇನೆ.